ಅಂಗಸಾಧನೆಯ ಕ್ರಮ

ನಂಜನಗೂಡಿನ ದಡವನ್ನು ತೊಳೆದು ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಎರಡು ತಾಲ್ಲೂಕುಗಳನ್ನೊಳಗೊಂಡ ಮೈಸೂರು ಸೀಮೆಯು ಗರಡಿಮನೆಗಳಿಗೆ ಹೆಸರಾದುದು. ಕೆಮ್ಮಣ್ಣಿನ ಮಟ್ಟಿ, ಆಂಜನೇಯನ ಪಟ, ಗೋಡೆಗೊರಗಿದ ಗದೆ ಇವು ಗರಡಿಯ ಲಕ್ಷಣಗಳು. ದಸರಾ ಕುಸ್ತಿಯ ಪೈಲ್ವಾನರು ಬಲಗೂಡಿದ್ದು ಇಂತಹ ಗರಡಿಗಳಲ್ಲಿಯೇ. ಇಂದು ಗದೆಯ ಜೊತೆಗೆ ಕಬ್ಬಿಣದ ತೂಕಗಳೂ ಬಂದಿವೆ. ಆದರೆ ಸಾಧನಗಳು ಬದಲಾದರೂ ಅಂಗಸಾಧನೆಯನ್ನು ಕುರಿತ ತಪ್ಪು ಕಲ್ಪನೆಗಳು ಅಳಿದಿಲ್ಲ.

ದಣಿದಷ್ಟೂ ಬಲ ಬರುವುದೆಂಬುದು ಮೊದಲನೆಯ ಭ್ರಮೆ. ಭಾರವನ್ನೆತ್ತುವಾಗ ಸ್ನಾಯುವಿಗೆ ಒತ್ತಡ ಬೀಳುತ್ತದೆ. ಅದು ಬಲಗೊಳ್ಳುವುದು ಅನಂತರದ ಆಹಾರ, ವಿಶ್ರಾಂತಿ ಮತ್ತು ನಿದ್ರೆಗಳಿಂದ. ಕಬಿನಿ ನೀರಿನ ಗದ್ದೆಯ ರೈತನು ಪೈರು ಬೇಗ ಬೆಳೆಯಲೆಂದು ಗೊಬ್ಬರವನ್ನೆಲ್ಲ ಒಂದೇ ದಿನ ಸುರಿಯುವನೇ? ದೇಹವೂ ಹಾಗೆಯೇ ಹದವನ್ನು ಬೇಡುತ್ತದೆ.

ಎಳೆಯರು ಭಾರವನ್ನೆತ್ತಿದರೆ ಕುಳ್ಳಾಗುವರೆಂಬುದು ಎರಡನೆಯದು. ಬಲ್ಲವರ ಮೇಲ್ವಿಚಾರಣೆಯಲ್ಲಿ, ಮಿತವಾದ ತೂಕದಿಂದ ನಡೆಸುವ ಸಾಧನೆಯು ಎತ್ತರವನ್ನು ಕುಂಠಿಸುತ್ತದೆಂಬುದಕ್ಕೆ ಆಧಾರವಿಲ್ಲ. ಐದರಿಂದ ಹದಿನೇಳು ವರ್ಷದವರು ವಾರಕ್ಕೆ ಕನಿಷ್ಠ 3 ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಗಳಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ತಿಳಿಸಿದೆ. ಅಪಾಯವಿರುವುದು ಪಂತಕ್ಕೆ ಬಿದ್ದು ಮೀರಿದ ಭಾರವನ್ನು ಸೊಂಟ ಬಗ್ಗಿಸಿ ಎತ್ತುವುದರಲ್ಲಿ.

ಅಂಗಸಾಧನೆಯು ಹೆಣ್ಣುಮಕ್ಕಳಿಗೆ ಸಲ್ಲದೆಂಬ ಮಾತು ಇನ್ನೂ ಹಾನಿಕರ. ಸ್ನಾಯುಗಳು ತೀರ ದಪ್ಪವಾಗಲು ನೆರವಾಗುವ ರಸದೂತವು ಸ್ತ್ರೀಯರಲ್ಲಿ ಬಹಳ ಕಡಿಮೆ. ಆದುದರಿಂದ ಅವರ ಮೈಕಟ್ಟು ಗಂಡಸಿನಂತಾಗುವುದಿಲ್ಲ. ಅವರ ಮೂಳೆಗಳು ಮಾತ್ರ ಗಟ್ಟಿಯಾಗುತ್ತವೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋಗ್ರಾಂ ಎತ್ತಿ ಕಂಚಿನ ಪದಕ ಗೆದ್ದ ಕರ್ಣಂ ಮಲ್ಲೇಶ್ವರಿಯೇ ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆ.

ಮೈ ಬೆಳೆದರೆ ಬುದ್ಧಿ ಮಂದವಾಗುವುದೆಂದು ನಂಬುವವರೂ ಉಂಟು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅನೇಕರನ್ನು ತರಬೇತುಗೊಳಿಸಿದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃ ಎಂಬುದನ್ನು ಇಂಥವರು ನೆನೆಯಬೇಕು.

ಹೊಟ್ಟೆಯ ವ್ಯಾಯಾಮವೊಂದರಿಂದಲೇ ಹೊಟ್ಟೆಯ ಕೊಬ್ಬು ಕರಗುವುದಿಲ್ಲ. ಸಾಧನೆಯನ್ನು ಬಿಟ್ಟರೆ ಸ್ನಾಯು ಕೊಬ್ಬಾಗಿ ಮಾರ್ಪಡುವುದೂ ಇಲ್ಲ. ಅವೆರಡೂ ಬೇರೆ ಬೇರೆ ಧಾತುಗಳು. ಬೆಲೆಬಾಳುವ ಪುಡಿಗಳೇ ಬೇಕೆಂಬುದೂ ಸುಳ್ಳು. ಹುರುಳಿ, ಬೇಳೆ, ಹಾಲು, ಮೊಟ್ಟೆಗಳಲ್ಲಿ ಪ್ರೋಟೀನು ಸಾಕಷ್ಟಿದೆ. ಬೇಗ ಬಲ ಬರಲೆಂದು ತೆಗೆದುಕೊಳ್ಳುವ ಮದ್ದುಗಳಾದರೋ ಹೃದಯ, ಯಕೃತ್ತುಗಳನ್ನು ಕೆಡಿಸಬಲ್ಲವು.

ಹಾಗಾದರೆ ಸರಿಯಾದ ಕ್ರಮ ಯಾವುದು? ತಳ್ಳುವುದು, ಎಳೆಯುವುದು, ಕುಳಿತೇಳುವುದು, ಎತ್ತುವುದು ಈ ನಾಲ್ಕು ಬಗೆಯ ಚಲನೆಗಳಿಗೂ ಅದರಲ್ಲಿ ಎಡೆಯಿರಬೇಕು. ಗರಡಿಯ ದಂಡೆ ತಳ್ಳುವ ಚಲನೆ, ಬಸ್ಕಿ ಕುಳಿತೇಳುವ ಚಲನೆ. ಮಟ್ಟಿಯನ್ನು ಅಗೆದು ಹದಗೊಳಿಸುವುದರಲ್ಲಿ ಎಳೆತ ಎತ್ತುಗಳೆರಡೂ ಇವೆ. ಹೊಸಬನು ಭಂಗಿಯನ್ನು ಮೊದಲು ಕಲಿತು, ಹತ್ತು ಹದಿನೈದು ಬಾರಿ ಸಲೀಸಾಗಿ ಎತ್ತಬಲ್ಲ ಭಾರದಿಂದ ತೊಡಗಬೇಕು. ಮೊದಲ ವಾರಗಳಲ್ಲಿ ಬರುವ ಬಲವು ಬಹುಪಾಲು ನರಗಳ ಕಲಿಕೆಯಿಂದ ಬಂದುದು. ಸ್ನಾಯು ತೋರವಾಗುವುದು ಆಮೇಲೆ. ಕನ್ನಡಿಯಲ್ಲಿ ಬದಲಾವಣೆ ಕಾಣದೆಂದು ಬಿಡುವವನು ಬಲ ಬರುತ್ತಿರುವಾಗಲೇ ಅದನ್ನು ಕಳೆದುಕೊಳ್ಳುತ್ತಾನೆ. ಒಂದು ದಿನ ಸಾಧನೆ, ಮರುದಿನ ಬಿಡುವು, ಅಭ್ಯಾಸವಾದಂತೆ ತುಸು ಹೆಚ್ಚಿನ ಭಾರ: ಇಷ್ಟೇ ಸೂತ್ರ.

ಅಂಗಸಾಧನೆಯು ಪೈಲ್ವಾನರ ಸ್ವತ್ತಲ್ಲ. ಹೊಲದಲ್ಲಿ ದುಡಿಯುವವರಿಗೂ ಮೇಜಿನ ಮುಂದೆ ಓದುವವರಿಗೂ ಗಟ್ಟಿಯಾದ ಮೈ ಬೇಕು. ಅದನ್ನು ಕೊಡುವುದು ಒಂದು ದಿನದ ಹುರುಪಲ್ಲ, ವರುಷಗಳ ನಿಯಮ.