ಅರಸಾಳಿನ ಹಳೆಯ ರೈಲು ನಿಲ್ದಾಣ

ಶಿವಮೊಗ್ಗದಿಂದ ಸಾಗರಕ್ಕೆ ರೈಲಿನಲ್ಲಿ ಹೋಗುವ ಸದಸ್ಯ ಬಾಂಧವರು ಕುಂಸಿ ದಾಟಿದ ಮೇಲೆ ಅರಸಾಳಿನಲ್ಲಿ ಪುಟ್ಟದೊಂದು ಹಳೆಯ ಕಟ್ಟಡವನ್ನು ಕಂಡಿರಬಹುದು. ಮೊದಲಿನ ನಿಲ್ದಾಣ ಅದೇ. ಅದೇಕೆ ಕೆಲಸ ಕಳೆದುಕೊಂಡಿತೆಂದು ನಮ್ಮ ತರುಣ ಬೆಳೆಗಾರರು ಕೇಳುತ್ತಿರುವುದರಿಂದ ಈ ಟಿಪ್ಪಣಿ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮೈಸೂರು ಸಂಸ್ಥಾನದ ರೈಲ್ವೆಯು ಮುಂದೆ ಕಾಡಿನ ನಡುವೆ ಹಂತಹಂತವಾಗಿ ಹಳಿ ಹಾಕಿಸಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿದ್ದು ಅದರ ಹಿಂದಿನ ವರ್ಷ, 1939ರಲ್ಲಿ. ನಮ್ಮ ಹಿರಿಯರಿಗೆ ರೈಲೆಂದರೆ ಮಂಡಿಯ ದಾರಿ. ತಂದೆಯವರು ಲೆಕ್ಕ ತೀರಿಸಲು ಹೊರಟ ದಿನ ನಾವೂ ಹಟ ಹಿಡಿದು ಜೊತೆಗೆ ಹೋಗುತ್ತಿದ್ದೆವು. ರಾಶಿಗೆ ದರ ಬಂದಿದ್ದರೆ ಸಂಜೆಯ ಗಾಡಿಯಲ್ಲಿ ನಮಗೆ ಮಿಠಾಯಿ, ಬಾರದಿದ್ದರೆ ಊರು ಬರುವ ತನಕ ಮೌನ!

ಈ ಮಾರ್ಗವೆಲ್ಲ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರ. ಬ್ರಾಡ್ ಗೇಜಿನಲ್ಲಿ ಅದು 1.676 ಮೀಟರ್. 1990ರ ದಶಕದಲ್ಲಿ ಶಿವಮೊಗ್ಗದವರೆಗೆ ಮಾತ್ರ ಬ್ರಾಡ್ ಗೇಜ್ ಆಯಿತು. ಒಂದರ ವ್ಯಾಗನ್ನು ಇನ್ನೊಂದರ ಮೇಲೆ ಓಡದು. ಆದ್ದರಿಂದ ಈಚೆಗೆ ಬರಬೇಕಾದ ಸರಕನ್ನು ಶಿವಮೊಗ್ಗದಲ್ಲಿ ಇಳಿಸಿ ಮತ್ತೆ ಏರಿಸಬೇಕು, ಎರಡೆರಡು ಸಲ ಹಮಾಲಿ ಕೊಡಬೇಕು. ಅಂಗಳಕ್ಕೇ ಲಾರಿ ಬರುವಾಗ ಅದು ಯಾರಿಗೆ ಬೇಕು? ಕೊನೆಗೆ ಬಸ್ಸಿನಂಥದೇ ಒಂದು ರೈಲ್‌ಬಸ್ಸು ಈ ಹಳಿಯ ಮೇಲೆ ಓಡಾಡುತ್ತಿತ್ತು. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಬಂದಿತು. ಅರಸಾಳಿಗೆ ಹೊಸ ನಿಲ್ದಾಣವಾಯಿತು, ಹಳೆಯದು ಪಾಳು ಬಿದ್ದಿತು.

ಅದನ್ನು ಉಳಿಸಿದ್ದು ಸರಕಲ್ಲ, ಒಂದು ಕಥೆ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕಥೆಗಳನ್ನು 1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದರು. ಆಗುಂಬೆಗೆ ರೈಲಿಲ್ಲವಷ್ಟೆ. ಹೀಗೆ ಅರಸಾಳು ಮಾಲ್ಗುಡಿಯ ನಿಲ್ದಾಣವಾಯಿತು. ಆ ನೆನಪಿಗೆ ರೈಲ್ವೆಯವರು ಕಟ್ಟಡವನ್ನು ದುರಸ್ತಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ, ಚೆನ್ನಾಗಿದೆ. ನಮ್ಮ ಕಣ್ಣು ಮಾತ್ರ ಮೂಟೆ ತೂಗುವ ಕಾಟಾ ಇದ್ದ ಜಾಗವನ್ನೇ ಹುಡುಕುತ್ತಿತ್ತು.

ಸದಸ್ಯರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಈ ಮಾರ್ಗದ ರೈಲ್ವೆ ರಸೀದಿ, ಮಂಡಿ ಪಟ್ಟಿ, ಟಿಕೆಟು ಏನಾದರೂ ಉಳಿದಿದ್ದರೆ ದಯವಿಟ್ಟು ಸಂಘದ ಕಚೇರಿಗೆ ತನ್ನಿ. ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ಹಿಂದಿರುಗಿಸುತ್ತೇವೆ.