ಕೂಸುಗಳ ಕೇಂದ್ರಕ್ಕೆ ತಪಾಸಣೆ: ಯಾರು ಬರುತ್ತಾರೆ, ಏನು ನೋಡುತ್ತಾರೆ, ಓಡಾಟ ತಪ್ಪಿಸುವುದು ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳ ದೊಡ್ಡ ಓಣಿಗಳಲ್ಲಿ ಈಗ ಎಲ್‌ಕೆಜಿ, ಯುಕೆಜಿ ಬೋರ್ಡುಗಳು ಕಾಣುತ್ತವೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಿಂದ ಡೇ ಕೇರ್‌ಗೂ, ಅಂದರೆ ಕೂಸನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಕ್ಕೂ, ಬೇಡಿಕೆ ಬರುತ್ತಿದೆ. ಇಂಥದೊಂದು ಕೇಂದ್ರ ತೆರೆಯಬೇಕೆನ್ನುವವರು ಮೊದಲು ಕೇಳುವ ಮಾತು: "ಪರವಾನಗಿ ಯಾರು ಕೊಡ್ತಾರ? ತಪಾಸಣೆಗೆ ಯಾರ‍್ಯಾರು ಬರ್ತಾರ?"

ಉತ್ತರ ನಿಮ್ಮ ಕೇಂದ್ರ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಇದನ್ನು ತಿಳಿಯದೆ ತಪ್ಪು ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವವರೇ ಹೆಚ್ಚು. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಅಂಗನವಾಡಿಗೆ ನೀವು ಪರವಾನಗಿ ತೆಗೆಸುವ ಮಾತೇ ಇಲ್ಲ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಮೇಲ್ವಿಚಾರಕಿ ಮತ್ತು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದನ್ನು ನೋಡಿಕೊಳ್ಳುತ್ತಾರೆ. ಕೂಲಿಕಾರ ಕುಟುಂಬಗಳ ಮಕ್ಕಳಿಗಾಗಿ ಇರುವ 'ಕೂಸಿನ ಮನೆ' ಗ್ರಾಮ ಪಂಚಾಯಿತಿಯ ಹೊಣೆ. ಅಲ್ಲಿ ಏನಾದರೂ ಕೊರತೆ ಕಂಡರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರನ್ನು ಕೇಳಿ.

ರಾತ್ರಿಯೂ ಮಕ್ಕಳು ಉಳಿಯುವ ಕಡೆ ಕಾನೂನು ಬಹಳ ಬಿಗಿ. ಹೆತ್ತವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ದುಡಿಮೆಗೆಂದು ಗೋವಾಕ್ಕೋ ಹೋದಾಗ, ಅವರ ಮಕ್ಕಳನ್ನು ಒಂದೆಡೆ ಇಟ್ಟು ಸಾಕಬೇಕೆನ್ನುವ ಒಳ್ಳೆಯ ಮನಸ್ಸಿನವರು ನಮ್ಮಲ್ಲಿದ್ದಾರೆ. ಮನಸ್ಸು ಒಳ್ಳೆಯದಿದ್ದರಷ್ಟೇ ಸಾಲದು. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಯಾವುದೇ ಸಂಸ್ಥೆ ಬಾಲನ್ಯಾಯ ಕಾಯ್ದೆ 2015ರ 41ನೇ ಕಲಮಿನಡಿ ನೋಂದಣಿಯಾಗಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮಕ್ಕಳನ್ನು ಇರಿಸಿಕೊಳ್ಳುವ ಮೊದಲೇ ವಿಜಯಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ.

ಇದೇ ಕಾಯ್ದೆಯಲ್ಲಿ ಅರ್ಜಿದಾರರ ಪರವಾದ ಒಂದು ಒಳ್ಳೆಯ ಏರ್ಪಾಡಿದೆ. ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅರ್ಜಿ ತಲುಪಿದ ಒಂದು ತಿಂಗಳೊಳಗೆ ತಾತ್ಕಾಲಿಕ ನೋಂದಣಿ ಕೊಡಬಹುದು. ಅದು ಹೆಚ್ಚೆಂದರೆ ಆರು ತಿಂಗಳು ನಡೆಯುತ್ತದೆ. ತಿಂಗಳು ಕಳೆದರೂ ಕೊಡದಿದ್ದರೆ ಅರ್ಜಿ ಸಲ್ಲಿಸಿದ ಸ್ವೀಕೃತಿಯನ್ನೇ ತಾತ್ಕಾಲಿಕ ನೋಂದಣಿ ಎಂದು ಪರಿಗಣಿಸಬೇಕು. ಆರು ತಿಂಗಳಲ್ಲೂ ಅರ್ಜಿ ಇತ್ಯರ್ಥವಾಗದಿದ್ದರೆ ಅದು ಅಧಿಕಾರಿಯ ಕರ್ತವ್ಯಲೋಪ. ಹೀಗಾಗಿ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ. ಪೂರ್ಣ ನೋಂದಣಿ ಐದು ವರ್ಷಕ್ಕೆ. ಆಮೇಲೆ ನವೀಕರಣ.

ತಪಾಸಣೆಯ ಕ್ರಮವೂ ಕಾಯ್ದೆಯಲ್ಲೇ ಇದೆ. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಬರಬೇಕು. ತಂಡದಲ್ಲಿ ಕನಿಷ್ಠ ಮೂವರು ಇರಬೇಕು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ. ಭೇಟಿಯ ಒಂದು ವಾರದಲ್ಲಿ ವರದಿ ಹೋಗಬೇಕು. 2021ರ ತಿದ್ದುಪಡಿಯ ಬಳಿಕ ಜಿಲ್ಲಾಧಿಕಾರಿಗಳ ಹೊಣೆ ಇನ್ನೂ ಹೆಚ್ಚಿದೆ. ಬೇರೆ ಬೇರೆ ಇಲಾಖೆಯವರು ಬೇರೆ ಬೇರೆ ದಿನ ಬರುವುದಕ್ಕಿಂತ ಬೇಕಾದವರೆಲ್ಲ ಒಂದೇ ತಂಡವಾಗಿ ಬರುವ ಈ ಪದ್ಧತಿ ನನಗೆ ಮೆಚ್ಚುಗೆ. ಎಲ್‌ಕೆಜಿ, ಡೇ ಕೇರ್‌ಗಳಿಗೂ ಇದೇ ಬರಬೇಕು.

ಎಲ್‌ಕೆಜಿ, ಯುಕೆಜಿ ನಡೆಸುವುದಾದರೆ ನಿಮ್ಮ ಕಚೇರಿ ಬಿಇಒ ಅವರದು, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳದು. ಕರ್ನಾಟಕ ಶಿಕ್ಷಣ ಕಾಯ್ದೆ 1983 ಪೂರ್ವ ಪ್ರಾಥಮಿಕವನ್ನೂ ಒಳಗೊಂಡಿದೆ. ಮೊದಲು ನೋಂದಣಿ, ಆಮೇಲೆ ಮಾನ್ಯತೆ, ಅವಧಿ ಮುಗಿದಾಗ ನವೀಕರಣ. ಅರ್ಜಿ ಹಾಕುವುದಕ್ಕೆ ಹಿಂದೆ ಒಂದು ಟ್ರಸ್ಟ್ ಅಥವಾ ಸಂಘ ಇರಬೇಕಾಗುತ್ತದೆ. ಸಂಘವಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಸದಸ್ಯರು ಬೇಕು. ತರಗತಿಗಳು ಜೂನ್ ಹೊತ್ತಿಗೆ ಶುರುವಾಗಬೇಕೆಂದರೆ ಅದಕ್ಕೆ ಹಿಂದಿನ ಡಿಸೆಂಬರ್‌ನಲ್ಲೇ ಬಿಇಒ ಕಚೇರಿಗೆ ಹೋಗಿ ವೇಳಾಪಟ್ಟಿ ಕೇಳಿ. ಮೇ ತಿಂಗಳಲ್ಲಿ ಓಡಾಡಿ ಪ್ರಯೋಜನವಿಲ್ಲ.

ಹಾಗಾದರೆ ಹಗಲು ಮಾತ್ರ ನಡೆಯುವ ಡೇ ಕೇರ್? ಇದಕ್ಕೆಂದೇ ರಾಜ್ಯದಲ್ಲಿ ಪ್ರತ್ಯೇಕ ಪರವಾನಗಿ ಕಾಯ್ದೆ ಇಲ್ಲ. ಗೊಂದಲವೆಲ್ಲ ಇಲ್ಲೇ. ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಬೇಕೇ ಎಂದು ಕೇಳಬೇಕು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಬೇಕು. ಕೇಂದ್ರದಲ್ಲೇ ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತೆ ನೋಂದಣಿ ಬೇಕು. ಪೋಕ್ಸೊ ನಿಯಮಗಳು, 2020ರ ಪ್ರಕಾರ ಮಕ್ಕಳ ಒಡನಾಟವಿರುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿರಬೇಕು. ಈ ನಿಯಮ ಶಾಲೆಗೂ ಶಿಶುವಿಹಾರಕ್ಕೂ ಒಂದೇ. ಆಯಾಗೂ ಗಾಡಿ ಓಡಿಸುವವರಿಗೂ ಬಿಡಬೇಡಿ. "ನಮ್ಮ ಸಂಬಂಧಿಕರೇ ಇದ್ದಾರೆ, ಯಾಕೆ ಬೇಕು?" ಎಂದು ಹಲವರು ಕೇಳುತ್ತಾರೆ. ಸಂಬಂಧಿಕರಿಗೂ ಬೇಕು.

ಇನ್ನು ತಪಾಸಣೆಯ ದಿನ ಏನು ನೋಡುತ್ತಾರೆ ಎಂಬುದು. ಕಾಗದ ಒಂದು ಭಾಗ, ಕಟ್ಟಡ ಇನ್ನೊಂದು ಭಾಗ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ಹತ್ತಿತ್ತು. ಆ ಪ್ರಕರಣದ ಬಳಿಕ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಬೆಂಕಿ ಸುರಕ್ಷತೆ ಮತ್ತು ಕಟ್ಟಡ ಸುರಕ್ಷತೆಯನ್ನು ಕಡ್ಡಾಯ ಮಾಡಿತು. ಇಂದು ಮಾನ್ಯತೆಗೆ ಅಗ್ನಿಶಾಮಕ ಮತ್ತು ಲೋಕೋಪಯೋಗಿ ಇಲಾಖೆಗಳ ಪ್ರಮಾಣಪತ್ರ ಕೇಳುವುದು ಈ ಕಾರಣಕ್ಕೆ. ಕಿರಿಕಿರಿ ಎನಿಸಿದಾಗ ಆ ಮಕ್ಕಳನ್ನು ನೆನೆಯಿರಿ.

ಜಾಗದ ಅಳತೆಗೆ 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ದಾರಿ ತೋರುತ್ತದೆ. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಜೊತೆಗೆ 30 ಚದರ ಮೀಟರ್ ಆಟದ ಬಯಲು. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು, ಮೂರು ವರ್ಷಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು. ನನ್ನ ಕೇಳಿದರೆ, ಇನ್ನೂ ನಡೆಯದ ಕೂಸುಗಳಿಗೆ ಈ 10 ಕೂಡ ಹೆಚ್ಚೇ. ಬೆಂಕಿ ಬಿದ್ದಾಗ ಒಬ್ಬಾಕೆ ಎಷ್ಟು ಕೂಸುಗಳನ್ನು ಎತ್ತಿಕೊಂಡು ಹೊರಗೆ ಬರಬಲ್ಲಳು ಎಂದು ಯೋಚಿಸಿ, ಅಷ್ಟಕ್ಕೇ ಪ್ರವೇಶ ನಿಲ್ಲಿಸಿ.

ನಮ್ಮ ಜಿಲ್ಲೆಗೆ ಇನ್ನೆರಡು ಮಾತು ಸೇರಿಸಬೇಕು. ಒಂದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಕೂಸುಗಳನ್ನು ಮಲಗಿಸಬಾರದು. ಇನ್ನೊಂದು ನೀರು. ನಮ್ಮ ಬೋರ್‌ವೆಲ್ ನೀರಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಇರುತ್ತದೆ. ಪರೀಕ್ಷೆ ಮಾಡಿಸಿ, ದಿನಾಂಕ ಹಾಕಿದ ವರದಿ ಇಟ್ಟುಕೊಳ್ಳಿ. ತೊಟ್ಟಿಗೆ ಮುಚ್ಚಳ, ಸ್ವಿಚ್ ಬೋರ್ಡು ಕೂಸಿನ ಕೈಗೆ ಎಟುಕದ ಎತ್ತರದಲ್ಲಿ, ಒಳಗಿನಿಂದ ಚಿಲಕವಿಲ್ಲದ ಶೌಚಾಲಯ, ಹೊರಗಿನಿಂದ ಬೀಗ ಹಾಕದ ಬಾಗಿಲು. ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಮರುಭರ್ತಿಯ ದಿನಾಂಕ ಮೀರಿಲ್ಲವೇ ಎಂದು ಸಿಬ್ಬಂದಿಯೇ ನೋಡಿ ಪುಸ್ತಕದಲ್ಲಿ ಬರೆಯಲಿ. ಇವೆಲ್ಲ ಅಧಿಕಾರಿ ಬರುವ ಹಿಂದಿನ ದಿನ ಮಾಡುವ ಕೆಲಸಗಳಲ್ಲ.

ಈಗ ಓಡಾಟ ತಪ್ಪಿಸುವ ಮಾತಿಗೆ ಬರೋಣ. ತಪಾಸಣೆ ಎಳೆದಾಡುವುದು ಬಹುಪಾಲು ಎರಡು ಕಾರಣಕ್ಕೆ. ಕಾಗದ ಒಂದೆಡೆ ಇರುವುದಿಲ್ಲ, ಹಿಂದಿನ ಭೇಟಿಯಲ್ಲಿ ಹೇಳಿದ್ದು ಬರಹದಲ್ಲಿ ಇರುವುದಿಲ್ಲ. ಆದ್ದರಿಂದ ಒಂದೇ ಕಡತ ಮಾಡಿ. ಕಟ್ಟಡದ ನಕ್ಷೆ, ಬಾಡಿಗೆ ಕರಾರು, ಪ್ರಮಾಣಪತ್ರಗಳು, ಸಿಬ್ಬಂದಿಯ ಗುರುತು ಮತ್ತು ಪೊಲೀಸ್ ಪರಿಶೀಲನೆ, ಮಕ್ಕಳ ಲಸಿಕೆ ವಿವರ, ಕೂಸನ್ನು ಯಾರ ಕೈಗೆ ಒಪ್ಪಿಸಬಹುದು ಎಂಬ ಪಟ್ಟಿ ಎಲ್ಲ ಅದರಲ್ಲಿರಲಿ. ಮೊದಲ ಪುಟದಲ್ಲಿ ಯಾವ ಪ್ರಮಾಣಪತ್ರದ ಅವಧಿ ಎಂದು ಮುಗಿಯುತ್ತದೆ ಎಂದು ಬರೆದಿಡಿ. ತಪಾಸಣೆ ಮುಗಿದ ಕೂಡಲೇ ಭೇಟಿ ಪುಸ್ತಕದಲ್ಲಿ ಕೊರತೆಗಳನ್ನು ಬರೆದು ಸಹಿ ಹಾಕುವಂತೆ ವಿನಯದಿಂದ ಕೇಳಿ. ಸರಿಪಡಿಸಿದ ಮೇಲೆ ಫೋಟೊ ಸಮೇತ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಸೂಚನೆಗೆ ಕೊನೆಯೇ ಇರುವುದಿಲ್ಲ, ಬರಹದಲ್ಲಿ ಇದ್ದದ್ದಕ್ಕೆ ಇರುತ್ತದೆ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲದಡಿ ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಅದರಿಂದ ಅರ್ಜಿ ಯಾವ ಹಂತದಲ್ಲಿದೆ ಎಂದು ನೋಡಬಹುದು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಅವಕಾಶವಿದೆ. ಹಣ ಚಿಕ್ಕದು, ಆದರೆ ಮೇಲ್ಮನವಿ ಬಂದರೆ ಕಡತ ಕದಲುತ್ತದೆ.

ಇನ್ನೊಂದು ಉಪಾಯವನ್ನು ನಾಲ್ಕೂ ತಾಲ್ಲೂಕಿನ ಕೇಂದ್ರಗಳವರು ಸೇರಿ ಮಾಡಬಹುದು. ಶಿಕ್ಷಣ, ಆರೋಗ್ಯ, ಅಗ್ನಿಶಾಮಕ, ಸ್ಥಳೀಯ ಸಂಸ್ಥೆ, ಈ ನಾಲ್ವರೂ ಒಂದೇ ದಿನ, ಒಂದೇ ಪಟ್ಟಿ ಹಿಡಿದು ಜಂಟಿ ಭೇಟಿ ಕೊಡಲಿ ಎಂದು ಬಿಇಒ ಅವರಿಗೆ ಲಿಖಿತ ಮನವಿ ಕೊಡಿ, ಪ್ರತಿಯನ್ನು ಉಳಿದವರಿಗೆ ಕಳಿಸಿ. ಮುದ್ದೇಬಿಹಾಳದವರಿಗೆ ಒಂದೊಂದು ಸಹಿಗೂ ವಿಜಯಪುರಕ್ಕೆ ಹೋಗಿ ಬರುವುದು ಒಂದೊಂದು ದಿನದ ಕೆಲಸ. ಆ ದಿನ ಕೇಂದ್ರದಲ್ಲಿ ಕೂಸುಗಳ ಜೊತೆ ಒಬ್ಬ ದೊಡ್ಡವರು ಕಡಿಮೆ. ಜಂಟಿ ತಪಾಸಣೆ ಎಂದರೆ ಸಡಿಲ ತಪಾಸಣೆ ಅಲ್ಲ. ಮುನ್ಸೂಚನೆ ಇಲ್ಲದ ಭೇಟಿಯೂ ಇರಲೇಬೇಕು, ಹಾಲುಗೂಸುಗಳಿರುವ ಕೇಂದ್ರಗಳಿಗೆ ಅದು ಹೆಚ್ಚಿರಬೇಕು.

ಖರ್ಚಿನ ವಿಷಯ. ಚಿಕ್ಕ ಅಡುಗೆಮನೆಯ ಆಹಾರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಮಾನ್ಯತೆ ಶುಲ್ಕ ಮತ್ತು ಠೇವಣಿ ಎಷ್ಟೆಂದು ಆ ವರ್ಷದ ಇಲಾಖಾ ಆದೇಶ ನೋಡಿ. ದೊಡ್ಡ ಖರ್ಚು ಬರುವುದು ಕಟ್ಟಡಕ್ಕೆ: ಎರಡನೆಯ ಬಾಗಿಲು, ಗ್ರಿಲ್, ವೈರಿಂಗ್. ಬಾಡಿಗೆ ಕಟ್ಟಡ ಹಿಡಿಯುವ ಮೊದಲೇ ಇದನ್ನು ನೋಡಿಕೊಂಡರೆ ಅರ್ಧ ಹಣ ಉಳಿಯುತ್ತದೆ. ನೆಲಮಹಡಿಯನ್ನೇ ಹಿಡಿಯಿರಿ. ರಸೀದಿ ಇಲ್ಲದೆ ಯಾರಿಗೂ ಹಣ ಕೊಡಬೇಡಿ.

ಕಚೇರಿ ಯಾವ ಊರಿನಲ್ಲಿ ಎಂಬುದೂ ಮುಖ್ಯ. 2018ರಲ್ಲಿ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಹೊಸ ತಾಲ್ಲೂಕುಗಳಾದವು. ಆದರೆ ಎಲ್ಲ ಇಲಾಖೆಗಳೂ ಅಲ್ಲಿಗೆ ಬಂದಿವೆ ಎಂದುಕೊಳ್ಳಬೇಡಿ. ನಿಮ್ಮ ಅರ್ಜಿ ಹೊಸ ತಾಲ್ಲೂಕಿಗೋ ಹಳೆಯದಕ್ಕೋ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಹೆತ್ತವರಿಗೂ ಒಂದು ಮಾತು. ಕೂಸನ್ನು ಸೇರಿಸುವ ಮುನ್ನ ಭೇಟಿ ಪುಸ್ತಕ ತೋರಿಸಿ ಎಂದು ಕೇಳಿ. ತೋರಿಸಲು ಹಿಂಜರಿಯುವ ಕೇಂದ್ರಕ್ಕೆ ಕೂಸನ್ನು ಬಿಡಬೇಡಿ. ಮಕ್ಕಳಿಗೆ ತೊಂದರೆಯಾಗುತ್ತಿದೆ ಎಂದು ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ, ಅದು ಹಗಲು ರಾತ್ರಿ ತೆರೆದಿರುವ ಉಚಿತ ಮಕ್ಕಳ ಸಹಾಯವಾಣಿ.