ಹೋಗದಿರಲೆಂದು ಕೊಟ್ಟ ಪಾಸ್‌ಪೋರ್ಟ್

1989ರ ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಸುತ್ತ ಸೇನೆ ಗುಂಡು ಹಾರಿಸಿದಾಗ, ಹಾಂಗ್‌ಕಾಂಗ್‌ನ ಮಧ್ಯಮವರ್ಗದವರ ನಿದ್ದೆ ಹಾರಿಹೋಯಿತು. 1997ರ ಜುಲೈ 1ಕ್ಕೆ ಬ್ರಿಟನ್ ತಮ್ಮ ಊರನ್ನು ಚೀನಾಕ್ಕೆ ಒಪ್ಪಿಸಲಿದೆ ಎಂಬುದು ಅವರಿಗೆ 1984ರಿಂದಲೇ ಗೊತ್ತಿತ್ತು. ಅಲ್ಲಿಯವರೆಗೆ ಕಾಯುವ ಧೈರ್ಯ ಈಗ ಉಳಿಯಲಿಲ್ಲ. 1990 ಒಂದರಲ್ಲೇ ಸುಮಾರು 62,000 ಜನ ಗಂಟುಮೂಟೆ ಕಟ್ಟಿದರು.

ಹಾಂಗ್‌ಕಾಂಗ್ ಸರ್ಕಾರವನ್ನು ಕಾಡಿದ್ದು ಹೊರಟವರ ಸಂಖ್ಯೆಗಿಂತ ಅವರ ಕಸುಬು. ಲೆಕ್ಕಪರಿಶೋಧಕರು, ಎಂಜಿನಿಯರುಗಳು, ವೈದ್ಯರು, ಬ್ಯಾಂಕ್ ಮ್ಯಾನೇಜರುಗಳು: ಕೆನಡಾ, ಆಸ್ಟ್ರೇಲಿಯಾಗಳಿಗೆ ಬೇಕಾಗಿದ್ದವರೂ ಇವರೇ. ಆದರೆ ಆ ದೇಶಗಳ ಪೌರತ್ವ ಸಿಗಬೇಕಾದರೆ ಮೊದಲು ಅಲ್ಲಿಗೆ ಹೋಗಿ ಕೆಲವು ವರ್ಷ ನೆಲೆಸಬೇಕು. ಬಹಳಷ್ಟು ಗಂಡಸರು ಹೆಂಡತಿ ಮಕ್ಕಳನ್ನು ವ್ಯಾಂಕೂವರ್‌ನಲ್ಲಿ ಬಿಟ್ಟು, ದುಡಿಮೆಗಾಗಿ ಹಾಂಗ್‌ಕಾಂಗ್‌ಗೆ ಹಾರಾಡತೊಡಗಿದರು.

ಲಂಡನ್ ಹೂಡಿದ ಉಪಾಯ ಇದಕ್ಕೆ ತದ್ವಿರುದ್ಧ. ಊರು ಬಿಡದೆಯೇ ಪೂರ್ಣ ಬ್ರಿಟಿಷ್ ಪೌರತ್ವ ಕೊಟ್ಟುಬಿಡುವುದು. ಬೇಕೆಂದಾಗ ಹೋಗಬಹುದೆಂಬ ಭರವಸೆ ಇದ್ದರೆ ಜನ ಇದ್ದಲ್ಲೇ ಇರುತ್ತಾರೆ ಎಂಬ ಲೆಕ್ಕ. 1989ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ 50,000 ಕುಟುಂಬಗಳಿಗೆ ಈ ಅವಕಾಶವೆಂದು ಘೋಷಿಸಿದರು. ಹೆಂಡತಿ ಮಕ್ಕಳನ್ನೂ ಸೇರಿಸಿದರೆ ಹೆಚ್ಚೆಂದರೆ 2,25,000 ಜನ. ಬ್ರಿಟನ್‌ನಲ್ಲಿ ನೆಲೆಸುವ ಹಕ್ಕಿಲ್ಲದ, ಹೆಸರಿಗಷ್ಟೇ ಬ್ರಿಟಿಷರಾದವರು ಹಾಂಗ್‌ಕಾಂಗ್‌ನಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚಿದ್ದರು!

ಹಾಗಾದರೆ ಆರಿಸುವುದು ಹೇಗೆ? ಕೆನಡಾ ಪಿಆರ್‌ಗಾಗಿ (ಕಾಯಂ ವಾಸದ ಅನುಮತಿಗಾಗಿ) ಅಂಕ ಕೂಡಿಸಿ ನೋಡುವ ಬೆಂಗಳೂರಿನ ಟೆಕ್ಕಿಗಳಿಗೆ ಈ ಯೋಜನೆಯ ಅರ್ಜಿ ಹೊಸದೆನಿಸಲಾರದು. ಒಟ್ಟು 800 ಅಂಕ. ವಯಸ್ಸಿಗೆ 200, ಅನುಭವ, ಶಿಕ್ಷಣ, ವಿಶೇಷ ಸಂದರ್ಭಗಳಿಗೆ ತಲಾ 150, ಇಂಗ್ಲಿಷ್, ಬ್ರಿಟನ್ ನಂಟು, ಸಮಾಜಸೇವೆಗೆ ತಲಾ 50. ಮೂವತ್ತು ದಾಟಿ ನಲವತ್ತು ಮುಟ್ಟದವರಿಗೆ ಭರ್ತಿ ಅಂಕ, ಏಕೆಂದರೆ ಬೇರೆ ದೇಶಗಳು ಸೆಳೆಯುತ್ತಿದ್ದುದು ಆ ವಯಸ್ಸಿನವರನ್ನೇ. ಯಾವ ವೃತ್ತಿಗೆ ಎಷ್ಟು ಸ್ಥಾನ ಎಂಬುದನ್ನೂ ಆ ವೃತ್ತಿಯವರು ಎಷ್ಟು ವಲಸೆ ಹೋಗುತ್ತಿದ್ದಾರೆಂದು ನೋಡಿಯೇ ಗೊತ್ತುಮಾಡಲಾಯಿತು. ಊರು ಬಿಡುವ ಸಾಧ್ಯತೆಯೇ ಇಲ್ಲಿ ಅರ್ಹತೆಯಾಗಿತ್ತು. ಎಲ್ಲಿಗೂ ಹೋಗಲಾಗದ ಕಾರ್ಖಾನೆ ಕೂಲಿಯವನಿಗೆ ಇದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ. 36,200 ಸ್ಥಾನ ಸಾಮಾನ್ಯ ವೃತ್ತಿಗಳಿಗೆ, 7,000 ಪೊಲೀಸ್ ಮೊದಲಾದ ಶಿಸ್ತಿನ ಪಡೆಗಳಿಗೆ, 6,300 ಸೂಕ್ಷ್ಮ ಹುದ್ದೆಗಳಲ್ಲಿದ್ದವರಿಗೆ, 500 ಉದ್ಯಮಿಗಳಿಗೆ ಮೀಸಲಾದವು.

ಲಂಡನ್‌ನಲ್ಲಿ ಎರಡೂ ಕಡೆಯಿಂದ ಏಟು ಬಿತ್ತು. ಇದು ಉಳ್ಳವರ ಯೋಜನೆ ಎಂದು ಲೇಬರ್ ಪಕ್ಷ ವಿರೋಧಿಸಿತು. ವಲಸಿಗರು ಹೆಚ್ಚುತ್ತಾರೆಂದು ಆಡಳಿತ ಪಕ್ಷದ ನಾರ್ಮನ್ ಟೆಬಿಟ್ ಬಂಡೆದ್ದರು. ಆದರೂ 1990ರ ಜುಲೈನಲ್ಲಿ ಕಾಯ್ದೆಯಾಯಿತು. ಬೀಜಿಂಗ್ ಮಾತ್ರ ಈ ಪೌರತ್ವವನ್ನು ತಾನು ಮಾನ್ಯ ಮಾಡುವುದಿಲ್ಲವೆಂದಿತು. ಅದರ ಪ್ರಕಾರ, ಹಾಂಗ್‌ಕಾಂಗ್‌ನಲ್ಲಿ ಇರುವಷ್ಟು ಕಾಲ ಈ ಪೌರತ್ವ ಪಡೆದವರೂ ಚೀನೀ ಪ್ರಜೆಗಳೇ. ಬ್ರಿಟಿಷ್ ರಾಯಭಾರಿ ಅವರ ಪರ ಬಾಯಿ ಹಾಕುವಂತಿಲ್ಲ.

ಈ ಯೋಜನೆಯಿಂದ ಹೊರಗುಳಿದ ಲಕ್ಷಾಂತರ ಜನರಿಗೆ ಬ್ರಿಟಿಷ್ ನ್ಯಾಷನಲ್ (ಓವರ್‌ಸೀಸ್) ಪಾಸ್‌ಪೋರ್ಟ್ ಸಿಕ್ಕಿತು. ಪ್ರಯಾಣಕ್ಕಾಯಿತು, ವಾಸಕ್ಕಲ್ಲ. 2020ರಲ್ಲಿ ಬೀಜಿಂಗ್ ರಾಷ್ಟ್ರೀಯ ಭದ್ರತಾ ಕಾನೂನು ಹೇರಿದ ಮೇಲೆ, 2021ರ ಜನವರಿ 31ರಿಂದ ಬ್ರಿಟನ್ ಈ ವರ್ಗದವರಿಗೂ ಅವರ ಕುಟುಂಬಕ್ಕೂ ನೆಲೆಸಲು ವೀಸಾ ಕೊಡಲು ಶುರುಮಾಡಿತು. ಈ ಸಲ ಅಂಕಪಟ್ಟಿಯೂ ಇರಲಿಲ್ಲ, ಸಂಖ್ಯೆಯ ಮಿತಿಯೂ ಇರಲಿಲ್ಲ.